ಅರ್ಧ ಮುಚ್ಚಿದರೂ ಪೂರ್ತಿ ಬಿಂಬ

ಅಫಜಲಪುರ

ಮುದ್ದಿನ ಮೊಮ್ಮಗಳಿಗೆ,

ಇಲ್ಲಿ ನಾನು, ನಿಮ್ಮ ಆಯಿ ಇಬ್ಬರೂ ಆರಾಮ ಇದ್ದೇವೆ. ತೊಗರಿ ಹೂವಿಗೆ ಬಂದಿದೆ. ಮೋಡ ಮುಸುಕಿದರೆ ಹೂ ಉದುರೀತೆಂದು ನಿಮ್ಮ ಕಾಕಾ ದಿನಾ ಆಕಾಶ ನೋಡುತ್ತ ಕೂಡುತ್ತಾನೆ. ಜೇವರ್ಗಿಯಲ್ಲಿ ನೀವೆಲ್ಲ ಚೆನ್ನಾಗಿದ್ದೀರೆಂದು ಮೊನ್ನೆ ಫೋನಿನಲ್ಲಿ ಕೇಳಿ ಸಮಾಧಾನವಾಯಿತು. ನೀನು ಕೇಳಿದ ಪ್ರಶ್ನೆಯಿಂದ ಅದಕ್ಕಿಂತ ಹೆಚ್ಚು ಸಂತೋಷವಾಯಿತು. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು, ಅದಕ್ಕೇ ಪತ್ರ ಬರೆಯುತ್ತಿದ್ದೇನೆ.

ನಿನ್ನ ಹತ್ತನೆಯ ತರಗತಿಯ ಪುಸ್ತಕದಲ್ಲಿ ಬೆಳಕಿನ ಪಾಠದ ಕೊನೆಗೆ ಇರುವ ಪ್ರಶ್ನೆ ಅದು. ಪೀನ ಮಸೂರದ ಅರ್ಧಕ್ಕೆ ಕಪ್ಪು ಕಾಗದ ಮುಚ್ಚಿದರೆ ಬಿಂಬ ಪೂರ್ತಿ ಮೂಡುತ್ತದೋ ಇಲ್ಲವೋ? ‘ಪೂರ್ತಿ ಮೂಡುತ್ತದೆ ಅಂತ ಗೈಡಿನಲ್ಲಿದೆ ಮುತ್ಯಾ, ಆದರೆ ಅರ್ಧ ಮುಚ್ಚಿದ ಮೇಲೆ ಅರ್ಧ ತಾನೆ ಕಾಣಬೇಕು?’ ಎಂದೆ. ಗೈಡಿನ ಉತ್ತರವನ್ನು ಹಾಗೇ ಬರೆದು ಅಂಕ ತಗೊಳ್ಳದೆ ಅದು ಯಾಕೆ ಹಾಗೆ ಎಂದು ಕೇಳಿದೆಯಲ್ಲ, ಅದು ನನಗೆ ಬಹಳ ಹಿಡಿಸಿತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆಯ ಸರಕಾರಿ ದವಾಖಾನೆಗಳಲ್ಲಿ ಕಣ್ಣು ತಪಾಸಣೆ ಮಾಡುತ್ತಲೇ ನನ್ನ ನೌಕರಿ ಮುಗಿಯಿತು. ನನ್ನ ಅನುಭವದಲ್ಲಿ ಮಸೂರದ ಬಗ್ಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಇದನ್ನು ಬಿಡಿಸಿದರೆ ಉಳಿದದ್ದೆಲ್ಲ ತಾನೇ ಬಿಡಿಸಿಕೊಳ್ಳುತ್ತದೆ.

ಮೊದಲು ಕೈಯಾರೆ ಮಾಡಿ ನೋಡು. ಶಾಲೆಯಿಂದ ಒಂದು ಪೀನ ಮಸೂರ ಕೇಳಿ ತಾ. ಮಧ್ಯಾಹ್ನದ ಹೊತ್ತು ಒಳಕೋಣೆಯ ಬಾಗಿಲು ಹಾಕಿ ಒಂದೇ ಕಿಟಕಿ ತೆರೆದಿಡು. ನಿಮ್ಮ ಕಿಟಕಿಯ ಎದುರಿಗೆ ಬೇವಿನ ಗಿಡ ಇದೆಯಲ್ಲ, ಆ ಕಡೆ ಮಸೂರ ಹಿಡಿದು ಅದರ ಹಿಂದೆ ಬಿಳಿ ಹಾಳೆ ಇಟ್ಟುಕೊಂಡು ಹಾಳೆಯನ್ನು ನಿಧಾನ ಹಿಂದೆ ಮುಂದೆ ಸರಿಸು. ಮೊದಲು ಬರೀ ಬೆಳಕಿನ ಮಚ್ಚೆ ಕಾಣುತ್ತದೆ. ಒಂದು ಜಾಗಕ್ಕೆ ಬಂದಾಗ ಗಿಡ ತಟ್ಟನೆ ಹಾಳೆಯ ಮೇಲೆ ಇಳಿಯುತ್ತದೆ, ತಲೆಕೆಳಗಾಗಿ, ಎಡಬಲ ಅದಲುಬದಲಾಗಿ, ಬಣ್ಣದ ಸಮೇತ. ಗಾಳಿಗೆ ಎಲೆ ಅಲುಗಿದರೆ ಹಾಳೆಯ ಮೇಲಿನ ಎಲೆಯೂ ಅಲುಗುತ್ತದೆ. ಮಸೂರದಿಂದ ಹಾಳೆಗೆ ಎಷ್ಟು ದೂರವೋ ಹೆಚ್ಚುಕಡಿಮೆ ಅದೇ ಅದರ ಸಂಗಮ ದೂರ. ಇದನ್ನು ಮಾಡುವಾಗ ಮಸೂರದ ಮೂಲಕ ಸೂರ್ಯನನ್ನು ಮಾತ್ರ ಎಂದೂ ನೋಡಬೇಡ, ನಿನ್ನ ತಮ್ಮನಿಗೂ ಬಿಡಬೇಡ.

ಈಗ ಒಂದು ರಟ್ಟಿನ ತುಂಡು ತಗೊಂಡು ಮಸೂರಕ್ಕೆ ಅಂಟಿದ ಹಾಗೆ ಮೇಲಿನಿಂದ ಮೆಲ್ಲಗೆ ಇಳಿಸುತ್ತ ಬಾ. ಗಿಡದ ತುದಿಯೂ ಕತ್ತರಿಸುವುದಿಲ್ಲ, ಬೊಡ್ಡೆಯೂ ಕತ್ತರಿಸುವುದಿಲ್ಲ. ಅರ್ಧ ಮುಚ್ಚಿದಾಗ ಗಿಡ ಪೂರ್ತಿ ಇರುತ್ತದೆ, ಬೆಳಕು ಮಾತ್ರ ಅರ್ಧಕ್ಕೆ ಇಳಿದು ಮಬ್ಬಾಗುತ್ತದೆ. ಮುಕ್ಕಾಲು ಮುಚ್ಚಿದರೂ ಅಷ್ಟೇ, ಗಿಡ ಇರುತ್ತದೆ, ಮಬ್ಬು ಹೆಚ್ಚುತ್ತದೆ. ಇನ್ನೂ ಒಂದು ಮಾಡು. ಅದೇ ರಟ್ಟನ್ನು ಮಸೂರದಿಂದ ತೆಗೆದು ಹಾಳೆಗೆ ತಾಗುವಂತೆ ಹಿಡಿ. ಈಗ ಅರ್ಧ ಗಿಡ ಹೋಯಿತು! ರಟ್ಟು ಅದೇ, ಬೆಳಕು ಅದೇ, ಮಸೂರದ ಹತ್ತಿರ ಹಿಡಿದರೆ ಒಂದು ಫಲ, ಹಾಳೆಯ ಹತ್ತಿರ ಹಿಡಿದರೆ ಇನ್ನೊಂದು. ಈ ಎರಡರ ನಡುವಿನ ಒಂದು ಗೇಣು ಜಾಗದಲ್ಲಿ ಏನು ನಡೆಯುತ್ತದೆ ಎಂಬುದೇ ನಿನ್ನ ಪ್ರಶ್ನೆಗೆ ಉತ್ತರ.

ಬೇವಿನ ಒಂದೇ ಒಂದು ಎಲೆ ತಗೋ. ಅದರ ಮೇಲೆ ಬಿದ್ದ ಬಿಸಿಲು ಎಲ್ಲ ದಿಕ್ಕಿಗೂ ಚೆದುರುತ್ತದೆ. ಆ ಒಂದು ಎಲೆಯ ಬೆಳಕು ಮಸೂರದ ಮೇಲ್ತುದಿಗೂ ಬೀಳುತ್ತದೆ, ಕೆಳತುದಿಗೂ ಬೀಳುತ್ತದೆ, ನಡುವೆಯೂ ಬೀಳುತ್ತದೆ. ಪಕ್ಕದ ಎಲೆಯದೂ ಹಾಗೆಯೇ, ಬೊಡ್ಡೆಯದೂ ಹಾಗೆಯೇ. ಮಸೂರದ ಪ್ರತಿಯೊಂದು ಚೂರಿನ ಮೇಲೂ ಇಡೀ ಗಿಡದ ಬೆಳಕು ಬಿದ್ದಿರುತ್ತದೆ. ಮಸೂರ ಇಲ್ಲದ ಬರೀ ಹಾಳೆಯ ಮೇಲೂ ಇಡೀ ಗಿಡದ ಬೆಳಕು ಬಿದ್ದೇ ಇರುತ್ತದೆ, ಆದರೆ ಎಲ್ಲ ಎಲೆಗಳದೂ ಎಲ್ಲ ಕಡೆಗೂ ಬಿದ್ದು ಕಲಸಿಹೋಗಿರುತ್ತದೆ. ಆದ್ದರಿಂದ ಹಾಳೆ ಬರೀ ಬೆಳ್ಳಗೆ ಕಾಣುತ್ತದೆ. ಕಲಸಿದ್ದನ್ನು ಬಿಡಿಸಿ, ಒಂದು ಎಲೆಯಿಂದ ಹೊರಟಿದ್ದನ್ನೆಲ್ಲ ಹಾಳೆಯ ಒಂದೇ ಬಿಂದುವಿಗೆ ಸೇರಿಸುವುದು ಮಸೂರದ ಕೆಲಸ. ಮೇಲರ್ಧ ಮುಚ್ಚಿದೆ ಅನ್ನು. ಕೆಳಗಿನ ಅರ್ಧ ತನ್ನ ಪಾಲಿನ ಬೆಳಕನ್ನು ಅದೇ ಬಿಂದುವಿಗೆ ಒಯ್ಯುತ್ತಲೇ ಇರುತ್ತದೆ. ಪುಸ್ತಕದ ಚಿತ್ರದಲ್ಲಿ ಎರಡೇ ಗೆರೆ ಎಳೆದಿರುತ್ತಾರಲ್ಲ, ಅದು ಬಿಂಬ ಎಲ್ಲಿ ಬೀಳುತ್ತದೆಂದು ಲೆಕ್ಕ ಹಾಕಲು ಮಾತ್ರ. ಆ ಎರಡು ಗೆರೆಗಳಿಂದಲೇ ಬಿಂಬವಾಗುತ್ತದೆ ಎಂದು ಮಕ್ಕಳು ತಿಳಿಯುತ್ತಾರೆ, ಗೊಂದಲವೆಲ್ಲ ಅಲ್ಲಿಂದಲೇ ಶುರು.

ಗಾಜಿನ ಒಂದು ಬಿಲ್ಲೆ ಇಷ್ಟು ನಾಜೂಕಿನ ಕೆಲಸ ಹೇಗೆ ಮಾಡುತ್ತದೆ? ಬೆಳಕು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಹೋಗುತ್ತದೆ. ಗಾಜಿನೊಳಗೆ ಹೊಕ್ಕರೆ ಅದರ ವೇಗ ಸುಮಾರು 2 ಲಕ್ಷಕ್ಕೆ ಇಳಿಯುತ್ತದೆ. ಎಲೆಯಿಂದ ಹಾಳೆಯ ಬಿಂದುವಿಗೆ ನೆಟ್ಟಗೆ ನಡುವಿನಿಂದ ಹೋಗುವ ದಾರಿ ಎಲ್ಲಕ್ಕಿಂತ ಹತ್ತಿರ, ಆದರೆ ಅಲ್ಲಿ ಗಾಜು ದಪ್ಪ, ತಡ ಹೆಚ್ಚು. ಅಂಚಿನಿಂದ ಸುತ್ತಿ ಹೋಗುವ ದಾರಿ ದೂರ, ಆದರೆ ಅಲ್ಲಿ ಗಾಜು ತೆಳು, ತಡ ಕಡಿಮೆ. ದತ್ತ ಜಯಂತಿಗೆ ಗಾಣಗಾಪುರಕ್ಕೆ ಹೊರಟವರಲ್ಲಿ ಕೆಲವರು ಎರೆ ಹೊಲದ ಹಸಿ ಮಣ್ಣು ತುಳಿಯುತ್ತ ನೆಟ್ಟಗೆ ಹೋದರು, ಕೆಲವರು ಡಾಂಬರು ರಸ್ತೆ ಹಿಡಿದು ಸುತ್ತಿ ಹೋದರು, ಎಲ್ಲರೂ ಗುಡಿಯ ಮುಂದೆ ಒಂದೇ ಗಳಿಗೆಗೆ ಬಂದು ನಿಂತರು ಅಂದುಕೋ. ಮಸೂರದ ಉಬ್ಬನ್ನು ಹೀಗೆಯೇ ಅಳತೆ ಮಾಡಿ ತಿದ್ದಿರುತ್ತಾರೆ. ಯಾವ ದಾರಿಯಿಂದ ಹೋದರೂ ಬೆಳಕಿಗೆ ಹಿಡಿಯುವ ವೇಳೆ ಒಂದೇ ಆಗುವ ಹಾಗೆ.

ಇನ್ನೂ ಸ್ವಲ್ಪ ಒಳಗೆ ಹೋಗೋಣ. ನಡುವಿನಿಂದ ಎರಡರಷ್ಟು ದೂರ ಸರಿದರೆ ಸುತ್ತಿನ ಹೆಚ್ಚುವರಿ ದಾರಿ ನಾಲ್ಕರಷ್ಟಾಗುತ್ತದೆ, ಮೂರರಷ್ಟು ಸರಿದರೆ ಒಂಬತ್ತರಷ್ಟು. ಗೋಳದ ಮೈಯಿಂದ ಕತ್ತರಿಸಿದ ಗಾಜಿನ ದಪ್ಪವೂ ನಡುವಿನಿಂದ ದೂರ ಹೋದಂತೆ ಹೆಚ್ಚುಕಡಿಮೆ ಇದೇ ಲೆಕ್ಕದಲ್ಲಿ ಇಳಿಯುತ್ತದೆ. ಅದಕ್ಕೇ ಗುಂಡಗೆ ತಿಕ್ಕಿದ ಗಾಜು ಬಿಂಬ ಮೂಡಿಸುತ್ತದೆ. ತೀರಾ ಅಂಚಿಗೆ ಹೋದರೆ ಈ ಎರಡು ಲೆಕ್ಕ ಕೂಡುವುದಿಲ್ಲ, ಆದ್ದರಿಂದ ದೊಡ್ಡ ಮಸೂರದ ಅಂಚಿನ ಬೆಳಕು ಬಿಂಬವನ್ನು ತುಸು ಮಸುಕು ಮಾಡುತ್ತದೆ. ಪುಸ್ತಕದಲ್ಲಿ ‘ಬೆಳಕು ಬಾಗುತ್ತದೆ’ ಎಂದಿರುವುದೂ ಇದನ್ನೇ. ಗಾಳಿ ಮತ್ತು ಗಾಜು ಕೂಡುವ ಮೈಯಲ್ಲಿ ಮಾತ್ರ ಅದು ದಿಕ್ಕು ಬದಲಿಸುತ್ತದೆ, ಗಾಜಿನ ಒಳಗೆ ನೆಟ್ಟಗೇ ಹೋಗುತ್ತದೆ.

ಬಾಗುವಿಕೆಯ ನಿಯಮಕ್ಕೆ 17ನೇ ಶತಮಾನದ ಸ್ನೆಲ್ ಎಂಬ ವಿಜ್ಞಾನಿಯ ಹೆಸರಿದೆ. ಆದರೆ ಬಾಗ್ದಾದಿನ ಇಬ್ನ್ ಸಹಲ್ ಎಂಬ ಗಣಿತಜ್ಞ 984ರ ಸುಮಾರಿಗೇ ಮಸೂರದ ಆಕಾರ ಲೆಕ್ಕ ಹಾಕಲು ಅದನ್ನು ಬಳಸಿದ್ದ. ಕಣ್ಣಿನ ಹಿಂಬದಿಯ ಅಕ್ಷಿಪಟಲದ ಮೇಲೆ ಲೋಕ ತಲೆಕೆಳಗಾಗಿಯೇ ಬೀಳುತ್ತದೆ ಎಂದು 1604ರಲ್ಲಿ ಹೇಳಿದವನು ಕೆಪ್ಲರ್. ನಮ್ಮ ನಾಡಿಗೆ ಕನ್ನಡಕ ಬಹಳ ಹಿಂದೆಯೇ ಬಂದಿತ್ತು. ಸೋಮನಾಥ ಕವಿಯ ಸಂಸ್ಕೃತ ‘ವ್ಯಾಸಯೋಗಿಚರಿತ’ದಲ್ಲಿ ವಿಜಯನಗರದ ವ್ಯಾಸರಾಯರು ಕನ್ನಡಕ ಇಟ್ಟುಕೊಂಡು ಗ್ರಂಥ ಓದುತ್ತಿದ್ದ ಪ್ರಸ್ತಾಪ ಇರುವುದನ್ನು ವಿದ್ವಾಂಸರು ಗುರುತಿಸಿದ್ದಾರೆ. ಅದು 1520ರ ಸುಮಾರಿನ ಮಾತು.

ಇನ್ನು ನನ್ನ ಕಸುಬಿನ ಮಾತಿಗೆ ಬರುತ್ತೇನೆ. ಮಸೂರದ ಬಲವನ್ನು ಡಯಾಪ್ಟರಿನಲ್ಲಿ ಅಳೆಯುತ್ತೇವೆ. ಸಂಗಮ ದೂರ 1 ಮೀಟರ್ ಇದ್ದರೆ 1 ಡಯಾಪ್ಟರ್, ಅರ್ಧ ಮೀಟರಿದ್ದರೆ 2, ಹತ್ತು ಸೆಂಟಿಮೀಟರಿದ್ದರೆ 10. ಚಷ್ಮಾದ ‘ನಂಬರು’ ಎಂದು ಜನ ಹೇಳುವುದು ಇದನ್ನೇ. ನಮ್ಮ ಇಡೀ ಕಣ್ಣಿನ ಬಲ ಸುಮಾರು 60. ಅದರಲ್ಲಿ ಒಳಗಿನ ಮಸೂರದ ಪಾಲು ಇಪ್ಪತ್ತರ ಆಸುಪಾಸು ಮಾತ್ರ. ಸುಮಾರು 43 ಡಯಾಪ್ಟರಿನ ಕೆಲಸ ಮಾಡುವುದು ಕಣ್ಣಿನ ಮುಂಬದಿಯ ಕಾರ್ನಿಯಾ, ಗಾಳಿಗೆ ಒಡ್ಡಿಕೊಂಡಿರುವ ಆ ತಿಳಿಯಾದ ಉಬ್ಬು. ಕಾರ್ನಿಯಾದ ಈ ಬಲದ ಅನುಭವ ನಿನಗೆ ಆಗಲೇ ಇದೆ. ಬಾವಿಯಲ್ಲಿ ಈಜುವಾಗ ನೀರೊಳಗೆ ಕಣ್ಣು ಬಿಟ್ಟರೆ ಎಲ್ಲ ಮಸುಕಾಗುತ್ತದಲ್ಲ? ಕಣ್ಣು ಕೆಟ್ಟಿರುವುದಿಲ್ಲ. ಕಾರ್ನಿಯಾದಲ್ಲಿ ಬೆಳಕಿನ ವೇಗ ಹೆಚ್ಚುಕಡಿಮೆ ನೀರಿನಲ್ಲಿ ಇದ್ದಷ್ಟೇ ಇರುವುದರಿಂದ ನೀರಿನಿಂದ ಕಣ್ಣಿಗೆ ಬರುವಾಗ ಬೆಳಕು ಹೆಚ್ಚುಕಡಿಮೆ ಬಾಗುವುದೇ ಇಲ್ಲ. ಕಣ್ಣಿನ ಮೂರರಲ್ಲಿ ಎರಡು ಪಾಲು ಬಲ ಅಲ್ಲೇ ಕರಗಿಹೋಗುತ್ತದೆ. ನಮ್ಮ ಭೀಮಾ ನದಿಯ ಮೀನಿನ ಕಣ್ಣು ಬೇಯಿಸಿದಾಗ ಬಿಳಿ ಗುಂಡು ಹೊರಬರುತ್ತದೆ, ನೋಡಿರಬೇಕು. ನೀರಿನಲ್ಲಿ ಕಾರ್ನಿಯಾದಿಂದ ಉಪಯೋಗವಿಲ್ಲದ್ದಕ್ಕೆ ಮೀನಿಗೆ ಅಷ್ಟು ದುಂಡನೆಯ ಮಸೂರ ಬೇಕಾಯಿತು.

ಮೋತಿಬಿಂದು ಅಂದರೆ ಈ ಒಳಗಿನ ಮಸೂರ ಮಬ್ಬಾಗುವುದು. ನಿನ್ನ ಪ್ರಶ್ನೆ ಇಲ್ಲಿ ಮತ್ತೆ ಬರುತ್ತದೆ ನೋಡು. ಮಸೂರದ ಒಂದು ಮೂಲೆಯಲ್ಲಿ ಕಲೆ ಬಿದ್ದರೆ ನೋಟದಲ್ಲಿ ಆ ಮೂಲೆಗೆ ತೂತು ಬೀಳುವುದಿಲ್ಲ, ರಟ್ಟಿನಿಂದ ಗಿಡ ಕತ್ತರಿಸದೆ ಇದ್ದ ಹಾಗೆ. ಕಲೆಯ ಜಾಗದಲ್ಲಿ ಬೆಳಕು ಚೆದುರಿ ಇಡೀ ಬಿಂಬದ ಮೇಲೆ ಹರಡುತ್ತದೆ. ಅದಕ್ಕೇ ರೋಗಿಗಳು ಬಂದು ‘ಇಷ್ಟು ಭಾಗ ಕಾಣ್ತಿಲ್ರಿ’ ಎನ್ನುತ್ತಿರಲಿಲ್ಲ. ‘ಎಲ್ಲಾ ಹೊಗಿ ಮುಸುಕಿದಂಗ ಆಗ್ಯಾದ್ರಿ, ರಾತ್ರಿ ಎದುರಿಗೆ ಲಾರಿ ಬಂದ್ರ ಏನೂ ಕಾಣಂಗಿಲ್ರಿ’ ಎನ್ನುತ್ತಿದ್ದರು.

ಹಿಂದೆ ಇದಕ್ಕೆ ಸಾಮಾನ್ಯವಾಗಿ ಹಿಡಿಯುತ್ತಿದ್ದ ದಾರಿ ಅಂದರೆ ಮಬ್ಬಾದ ಮಸೂರವನ್ನು ಅದರ ಚೀಲದ ಸಮೇತ ತೆಗೆದುಬಿಡುವುದು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರ ಹೆಸರು ನಿನಗೆ ಗೊತ್ತಿರಲೇಬೇಕು. 1943ರಿಂದ ಊರೂರಿಗೆ ಹೋಗಿ ಬಿಟ್ಟಿ ಶಿಬಿರ ನಡೆಸಿದರು. ಒಂದೇ ದಿನದಲ್ಲಿ 833 ಮೋತಿಬಿಂದು ಶಸ್ತ್ರಚಿಕಿತ್ಸೆ ಮಾಡಿದ್ದನ್ನೂ, 1993ರ ಫೆಬ್ರವರಿಯವರೆಗೆ ಒಟ್ಟು 6,10,564 ಶಸ್ತ್ರಚಿಕಿತ್ಸೆ ಮಾಡಿದ್ದನ್ನೂ ಗಿನ್ನೆಸ್ ದಾಖಲೆ ಪುಸ್ತಕ ನಮೂದಿಸಿದೆ. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂತು. ಬಡವರ ಮನೆ ಬಾಗಿಲಿಗೆ ದವಾಖಾನೆಯನ್ನೇ ಒಯ್ದ ಅಂಥ ಕೈ ಈ ನೆಲದಲ್ಲಿ ಹುಟ್ಟಿತೆಂಬುದು ನನಗೆ ಇಂದಿಗೂ ಹೆಮ್ಮೆ.

ಮಸೂರ ತೆಗೆದ ಕಣ್ಣಿಗೆ ಉಳಿಯುವುದು ಕಾರ್ನಿಯಾದ ಬಲ ಒಂದೇ, ಬಿಂಬ ಅಕ್ಷಿಪಟಲದ ಹಿಂದಕ್ಕೆ ಹೋಗುತ್ತದೆ. ಅದನ್ನು ಮುಂದೆ ತರಲು ಪ್ಲಸ್ ಹತ್ತರ ದಪ್ಪ ಚಷ್ಮಾ ಹಾಕುತ್ತಿದ್ದರು. ನಮ್ಮವ್ವನಿಗೂ ಒಂದು ಶಿಬಿರದಲ್ಲಿ ಹಾಗೆಯೇ ಆಯಿತು. ಕುರುಡಾಗಿದ್ದವಳಿಗೆ ಮಕ್ಕಳ ಮುಖ ಕಂಡಿತು, ಅದು ಸಣ್ಣ ಮಾತಲ್ಲ. ಆದರೆ ಮಸೂರ ಕಣ್ಣಿನೊಳಗೆ ಇರದೆ ಮೂಗಿನ ಮೇಲೆ, ಒಂದು ಬೆರಳಿನಷ್ಟು ಮುಂದೆ ಇದ್ದುದರಿಂದ ಎಲ್ಲವೂ ಕಾಲುಪಾಲಿಗಿಂತ ಹೆಚ್ಚು ದೊಡ್ಡದಾಗಿ, ಅಷ್ಟೇ ಹತ್ತಿರವಾಗಿ ಕಾಣುತ್ತಿತ್ತು. ಮಜ್ಜಿಗೆ ಹಾಕುವಾಗ ತಂಬಿಗೆಯ ಬಾಯಿ ಲೋಟದ ಇತ್ತಲೇ ಬಗ್ಗುತ್ತಿತ್ತು, ಮಜ್ಜಿಗೆ ಕಟ್ಟೆಯ ಮೇಲೆ ಚೆಲ್ಲುತ್ತಿತ್ತು. ಹೊಸ್ತಿಲು ಇನ್ನೂ ದೂರ ಇರುವಾಗಲೇ ಅವಳು ಕಾಲೆತ್ತುತ್ತಿದ್ದಳು. ಗಾಜಿನ ಅಂಚಿನ ಸುತ್ತ ಏನೂ ಕಾಣದ ಒಂದು ಬಳೆಯಂಥ ಪಟ್ಟಿ ಇರುತ್ತಿತ್ತು, ಬದಿಯಿಂದ ಬಂದ ಮನುಷ್ಯ ಆ ಪಟ್ಟಿಯಲ್ಲಿ ಮಾಯವಾಗಿ ಒಮ್ಮೆಲೇ ಎದುರಿಗೆ ನಿಂತ ಹಾಗೆ ಆಗುತ್ತಿತ್ತು. ಒಂದು ಕಣ್ಣಿಗೆ ಮಾತ್ರ ಆಪರೇಶನ್ ಆದವರ ಪಾಡು ಇನ್ನೂ ಕಷ್ಟ. ಎರಡು ಕಣ್ಣಿನ ಬಿಂಬದ ಅಳತೆ ಬೇರೆಯಾದರೆ ಮೆದುಳು ಅವನ್ನು ಕೂಡಿಸಲಾರದು. ಇದೆಲ್ಲ ಮಸೂರ ಇಡಬೇಕಾದ ಜಾಗದಲ್ಲಿ ಇಡದ್ದರಿಂದ ಆದ ತೊಂದರೆ.

ಸರಿಯಾದ ಜಾಗದಲ್ಲಿ ಇಟ್ಟವರು ಇಂಗ್ಲೆಂಡಿನ ಹೆರಾಲ್ಡ್ ರಿಡ್ಲಿ. ಎರಡನೆಯ ಮಹಾಯುದ್ಧದಲ್ಲಿ ಯುದ್ಧವಿಮಾನದ ಮೇಲ್ಮುಚ್ಚಳ ಒಡೆದು ಪೈಲಟ್ಟುಗಳ ಕಣ್ಣಿಗೆ ಹೊಕ್ಕ ಪರ್ಸ್ಪೆಕ್ಸ್ ಎಂಬ ಪ್ಲಾಸ್ಟಿಕ್ಕಿನ ಚೂರುಗಳು ಕಣ್ಣನ್ನು ಕೆರಳಿಸದೆ ತಣ್ಣಗೆ ಇದ್ದುದನ್ನು ಅವರು ಗಮನಿಸಿದ್ದರು. ಅದೇ ಪದಾರ್ಥದಿಂದ ಮಸೂರ ಮಾಡಿಸಿ, 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಒಬ್ಬ ಹೆಣ್ಣುಮಗಳ ಕಣ್ಣೊಳಗೆ ಇಟ್ಟರು. ಕಣ್ಣು ಅದನ್ನು ಒಪ್ಪಿತು, ಆದರೆ ಆಕೆಗೆ ಭಾರಿ ಮೈನಸ್ ನಂಬರು ಬಂತು! ಯಾಕೆಂದು ನೀನೇ ಲೆಕ್ಕ ಹಾಕಬಹುದು. ಹುಟ್ಟು ಮಸೂರದ ಉಬ್ಬನ್ನೇ ನೋಡಿ ಅದನ್ನು ಮಾಡಿದ್ದರು. ಹುಟ್ಟು ಮಸೂರದ ವಕ್ರೀಭವನ ಸೂಚ್ಯಂಕ ಸರಾಸರಿ 1.42, ಪರ್ಸ್ಪೆಕ್ಸಿನದು 1.49, ಎರಡರ ಸುತ್ತಲೂ ಇರುವ ಕಣ್ಣಿನ ದ್ರವದ್ದು ಸುಮಾರು 1.34. ಬೆಳಕನ್ನು ಬಾಗಿಸುವುದು ಒಳಗಿನದಕ್ಕೂ ಸುತ್ತಲಿನದಕ್ಕೂ ಇರುವ ವ್ಯತ್ಯಾಸ. ಒಂದರಲ್ಲಿ 0.08, ಇನ್ನೊಂದರಲ್ಲಿ 0.15. ಆಕಾರ ಅದೇ ಇದ್ದರೂ ಬಲ ಹತ್ತಿರ ಹತ್ತಿರ ಎರಡು ಪಟ್ಟಾಯಿತು. ಮುಂದಿನ ಮಸೂರಗಳ ಉಬ್ಬನ್ನು ಕಡಿಮೆ ಮಾಡಿದರು.

ಆ ಮಸೂರ ನಮ್ಮಂಥ ಊರುಗಳ ಬಡವರ ಕಣ್ಣಿಗೆ ಬರಲು ಮತ್ತೆ ನಲವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಹೊರದೇಶದಿಂದ ತರಿಸಿದರೆ ಆಗ ಒಂದಕ್ಕೆ ಸಾವಿರಾರು ರೂಪಾಯಿ ಬೀಳುತ್ತಿತ್ತು. ಮಧುರೆಯ ಅರವಿಂದ ಕಣ್ಣಾಸ್ಪತ್ರೆಯವರು 1992ರಲ್ಲಿ ಔರೋಲ್ಯಾಬ್ ಕಟ್ಟಿ ಅಲ್ಲೇ ಮಸೂರ ತಯಾರಿಸಲು ಶುರು ಮಾಡಿದ ಮೇಲೆ ಬೆಲೆ ಸುಮಾರು ಹತ್ತನೇ ಒಂದು ಪಾಲಿಗೆ ಇಳಿಯಿತು. ಇದನ್ನು ನಾನು ನಮ್ಮ ಕಾಲದ ದೊಡ್ಡ ಕೆಲಸಗಳಲ್ಲಿ ಒಂದೆಂದು ಎಣಿಸುತ್ತೇನೆ.

ನಿಮ್ಮ ಆಯಿಗೂ ಇಂಥದೇ ಮಸೂರ ಹಾಕಿದರಲ್ಲ, ಆ ಮೋತಿಬಿಂದು ಆಪರೇಶನ್ನಿಗೆ ಮೊದಲು ಎಷ್ಟು ಬಲದ್ದು ಬೇಕೆಂದು ತಿಳಿಯಲು ಎರಡು ಅಳತೆ ತಗೊಂಡರು. ಕೆರಟೋಮೀಟರಿನಿಂದ ಕಾರ್ನಿಯಾದ ಉಬ್ಬು, ಎ-ಸ್ಕ್ಯಾನಿನಿಂದ ಕಣ್ಣಿನ ಉದ್ದ. ಸಾಮಾನ್ಯ ಕಣ್ಣಿನ ಉದ್ದ 23ರಿಂದ 24 ಮಿಲಿಮೀಟರ್. ಅದರಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ನಂಬರು ಎರಡೂವರೆ ಮೂರು ಡಯಾಪ್ಟರ್ ಹೆಚ್ಚುಕಡಿಮೆಯಾಗುತ್ತದೆ. ಅವಳಿಗೆ ಇಪ್ಪತ್ತೊಂದೂವರೆಯ ಮಸೂರ ಬಂತು. ಈಗಿನ ವಿಧಾನದಲ್ಲಿ ಹುಟ್ಟು ಮಸೂರದ ಚೀಲವನ್ನು ಅಲ್ಲೇ ಬಿಟ್ಟು ಒಳಗಿನ ಮಬ್ಬನ್ನಷ್ಟೇ ತೆಗೆದು ಅದೇ ಚೀಲದಲ್ಲಿ ಹೊಸದನ್ನು ಕೂಡಿಸುತ್ತಾರೆ. ಮಸೂರ ಇದ್ದ ಜಾಗದಲ್ಲೇ ಮಸೂರ ಕೂತಿದ್ದರಿಂದ ಹೊಸ್ತಿಲು ಹೊಸ್ತಿಲಿನ ಜಾಗದಲ್ಲೇ ಕಾಣುತ್ತದೆ. ಬೇಳೆ ಆರಿಸಲು ಮಾತ್ರ ಅವಳಿಗೆ ಪ್ಲಸ್ ಎರಡೂವರೆಯ ಚಾಳೀಸು ಬೇಕು. ನಿನ್ನ ಕಣ್ಣಿನ ಮಸೂರ ಮೆತ್ತಗಿದೆ, ಹತ್ತಿರ ನೋಡುವಾಗ ಸುತ್ತಲಿನ ಸ್ನಾಯು ಬಿಗಿಯಾಗಿ ಅದು ತಾನೇ ಉಬ್ಬಿಕೊಳ್ಳುತ್ತದೆ. ನಲವತ್ತು ದಾಟಿದವರದ್ದು ಬಿರುಸಾಗುತ್ತದೆ, ಆಯಿಗೆ ಹಾಕಿದ್ದು ಉಬ್ಬುವುದೇ ಇಲ್ಲ. ಮೊರ ಅವಳ ಕಣ್ಣಿಂದ 40 ಸೆಂಟಿಮೀಟರ್ ದೂರ. 1 ಮೀಟರನ್ನು ಅದರಿಂದ ಭಾಗಿಸಿದರೆ ಎರಡೂವರೆ ಬರುತ್ತದೆ, ಚಾಳೀಸಿನ ನಂಬರು ಅದೇ.

ನಿಮ್ಮ ಮನೆಯಲ್ಲಿರುವ ಚಷ್ಮಾಗಳು ಪ್ಲಸ್ಸೋ ಮೈನಸ್ಸೋ ಎಂದು ಯಂತ್ರವಿಲ್ಲದೆ ಕಂಡುಹಿಡಿಯಲು ನಾವು ಮಾಡುತ್ತಿದ್ದ ಒಂದು ವಿಧಾನ ಹೇಳಿಕೊಡುತ್ತೇನೆ. ಚಷ್ಮಾ ಮುಖದಿಂದ ದೂರ ಹಿಡಿದು ಅದರೊಳಗಿಂದ ಎದುರಿನ ಬಾಗಿಲ ಚೌಕಟ್ಟಿನ ಉದ್ದ ಗೆರೆ ನೋಡು. ಚಷ್ಮಾವನ್ನು ಮೆಲ್ಲಗೆ ಬಲಕ್ಕೆ ಸರಿಸು. ಗಾಜಿನೊಳಗಿನ ಗೆರೆ ಎಡಕ್ಕೆ ಓಡಿದರೆ ಪ್ಲಸ್, ಜೊತೆಗೇ ಬಲಕ್ಕೆ ಬಂದರೆ ಮೈನಸ್. ದವಾಖಾನೆಯಲ್ಲಿ ಟ್ರಯಲ್ ಬಾಕ್ಸಿನಿಂದ ವಿರುದ್ಧ ಬಗೆಯ ಗಾಜುಗಳನ್ನು ಒಂದೊಂದಾಗಿ ತಂದು ಅದಕ್ಕೆ ಒತ್ತಿ ಹಿಡಿಯುತ್ತಿದ್ದೆವು. ಯಾವ ಗಾಜು ಹಿಡಿದಾಗ ಗೆರೆ ಅಲುಗದೆ ನಿಲ್ಲುತ್ತದೋ ಅದರ ಸಂಖ್ಯೆಯೇ ಚಷ್ಮಾದ ನಂಬರು. ಒಂದು ಕೂಡಿಸಿದ್ದನ್ನು ಇನ್ನೊಂದು ಅಷ್ಟೇ ಕಳೆದಿರುತ್ತದೆ.

ನಿನ್ನ ತಮ್ಮ ಟೀವಿಯ ಮುಂದೆ ಮೊಳ ದೂರದಲ್ಲಿ ಕೂಡುತ್ತಾನೆ, ಹಲಗೆ ನೋಡುವಾಗ ಕಣ್ಣು ಕಿರಿದು ಮಾಡುತ್ತಾನೆ ಎಂದು ನಿಮ್ಮವ್ವ ಹೇಳಿದಳು. ಅವನ ಕಣ್ಣಿನ ಗುಡ್ಡೆ ಕೂದಲೆಳೆಯಷ್ಟು ಉದ್ದವಾಗಿರಬಹುದು, ದೂರದ ಬಿಂಬ ಅಕ್ಷಿಪಟಲ ಮುಟ್ಟುವ ಮೊದಲೇ ಕೂಡಿಬಿಡುತ್ತಿರಬಹುದು. ಹಾಗಿದ್ದರೆ ನಿಮ್ನ ಮಸೂರ ಹಾಕಿದ ಗಳಿಗೆಗೇ ಸರಿಹೋಗುತ್ತದೆ. ಬೈದು ದೂರ ಕೂಡಿಸಬೇಡಿ, ಅವನಿಗೆ ಕಾಣದ್ದಕ್ಕೇ ಹತ್ತಿರ ಹೋಗುತ್ತಾನೆ. ಈ ವಾರವೇ ನೀನೂ ಅವ್ವನೂ ಕೂಡಿ ಅವನನ್ನು ಜೇವರ್ಗಿಯ ತಾಲ್ಲೂಕು ದವಾಖಾನೆಗೆ ಕರೆದುಕೊಂಡು ಹೋಗಿ. 6 ಮೀಟರ್ ದೂರದ ಅಕ್ಷರ ಓದಿಸುವಾಗ ಒಂದೊಂದೇ ಕಣ್ಣು ಮುಚ್ಚಿಸಿ ಓದಿಸುತ್ತಾರೆ, ಬೆರಳ ಸಂದಿಯಿಂದ ಇಣುಕದ ಹಾಗೆ ನೀನು ಪಕ್ಕದಲ್ಲಿ ನಿಂತು ನೋಡಿಕೋ. ಯಾವ ಕಣ್ಣಿಗೆ ಎಷ್ಟು ನಂಬರು ಬಂತೆಂದು ಚೀಟಿಯಲ್ಲಿ ಇದ್ದ ಹಾಗೆಯೇ ನನಗೆ ಬರೆದು ಕಳಿಸು.

ಇಂತಿ ನಿನ್ನ
ಮುತ್ಯಾ